ಸ್ಟೂಲ್ ತರಲು ಹೋದ ಮಾಜಿ ಅಧ್ಯಕ್ಷರು

ನಮ್ಮ ಊರು ಬೆಳೆದ ಬಗೆಯನ್ನು ತಿಳಿಯಬೇಕಾದರೆ ನಮ್ಮ ಅಕ್ಕ ಬಟ್ಟೆ ಒಣಹಾಕುವ ಕಂಬವನ್ನು ನೋಡಬೇಕು. ಅದು ಹುಟ್ಟಿನಿಂದ ಬಟ್ಟೆಯ ಕಂಬವಲ್ಲ. ‘ಪುರಸಭೆಯ ಗಡಿ ಇಲ್ಲಿಗೆ ಮುಗಿಯಿತು, ಹೋಗಿ ಬನ್ನಿ’ ಎಂಬ ಫಲಕ ಹೊತ್ತು ನಿಂತಿದ್ದ ಸರ್ಕಾರಿ ಕಂಬ. ಆಗ ನಮ್ಮದೇ ಊರಿನ ಕೊನೆಯ ಬೀದಿ. ಹೆಸರೂ ಕೊನೆ ಬೀದಿ. ಆಮೇಲೆ ಊರು ಬೆಳೆಯಿತು. ಫಲಕವನ್ನು ಬಿಚ್ಚಿಕೊಂಡು ಹೋಗಿ ಮುಂದಿನ ತಿರುವಿನಲ್ಲಿ ನೆಟ್ಟರು. ಮತ್ತೆ ಬೆಳೆಯಿತು, ಮತ್ತೆ ಬಿಚ್ಚಿದರು. ಈಗ ಆ ಫಲಕ ನೋಡಬೇಕೆಂದರೆ ಬಸ್ಸು ಹತ್ತಬೇಕು. ಕಂಬ ಮಾತ್ರ ನಮ್ಮ ಅಂಗಳದಲ್ಲೇ ಉಳಿಯಿತು. ಬೀದಿಯ ಹೆಸರೂ ಉಳಿಯಿತು. ನಮ್ಮ ಆಚೆ ಅಷ್ಟೊಂದು ಬಡಾವಣೆಗಳು ಎದ್ದರೂ ನಾವು ಮಾತ್ರ ಕೊನೆಯವರೇ.

ಊರು ಬೆಳೆದದ್ದಕ್ಕೆ ನನಗೇನೂ ಬೇಸರವಿಲ್ಲ. ನಾನು ಛತ್ರಿ, ಚೀಲ, ಜಿಪ್ಪು ರಿಪೇರಿ ಮಾಡುವವನು. ಜನ ಹೆಚ್ಚಿದಷ್ಟೂ ಕೆಟ್ಟ ಜಿಪ್ಪು ಹೆಚ್ಚುತ್ತದೆ. ಆದರೆ ಒಬ್ಬರಿಗೊಬ್ಬರ ಗುರುತು ಉಳಿಯಲಿಲ್ಲ ನೋಡಿ. ಮೊದಲು ಬೀದಿಯಲ್ಲಿ ಸೀನಿದರೆ ಅಕ್ಕಪಕ್ಕದವರೆಲ್ಲ ‘ಶೀತವಾ?’ ಎಂದು ಇಣುಕುತ್ತಿದ್ದರು. ಈಗ ಬಿದ್ದರೂ ಯಾವ ವಾರ್ಡಿನವರು ಎಂದು ಕೇಳಿ ಆಮೇಲೆ ಎತ್ತುತ್ತಾರೆ. ಈಗಿನ ಅಧ್ಯಕ್ಷೆ ಯಾರು ಎಂದರೆ ಅರ್ಧ ಊರು ಹೇಳೀತು. ಅವರಿಗಿಂತ ಮುಂಚೆ ಯಾರಿದ್ದರು ಎಂದರೆ ಎಲ್ಲೋ ನಾಲ್ಕು ಹಳಬರನ್ನು ಬಿಟ್ಟು ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಳ್ಳಿ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಇನ್ನು ನೀರಿನ ವಿಷಯ. ಹಳೇ ಊರಿನ ಪೈಪು ನಮ್ಮ ಬೀದಿಯ ಮೂಲೆಗೆ ಬಂದು ನಿಂತುಬಿಟ್ಟಿದೆ. ಹೊಸ ಬಡಾವಣೆಗಳಿಗೆ ಬೇರೆ ಟ್ಯಾಂಕು, ಬೇರೆ ಪೈಪು. ಅದು ನಮ್ಮ ಬೀದಿ ಮುಗಿದ ಮೇಲೆ ಶುರುವಾಗುತ್ತದೆ. ಹಳೇ ಊರಿನ ಪೈಪಿನವರನ್ನು ಕೇಳಿದರೆ ‘ನೀವು ಹೊಸ ಬಡಾವಣೆ’ ಎನ್ನುತ್ತಾರೆ. ಹೊಸ ಬಡಾವಣೆಯವರನ್ನು ಕೇಳಿದರೆ ‘ನೀವು ಹಳೇ ಊರು’ ಎನ್ನುತ್ತಾರೆ. ಹೀಗೆ ಇಬ್ಬರ ನಡುವೆ ನಮ್ಮ ಬೀದಿ ಒಣಗುತ್ತಿತ್ತು. ಅಕ್ಕ ದಿನಾ ಬೇಕರಿ ಪಕ್ಕದ ಬೀದಿ ನಲ್ಲಿಯಿಂದ ಕೊಡ ಹೊತ್ತು ತರುತ್ತಿದ್ದಳು. ನಾನೂ ಭಾವನೂ ಸಹಾಯಕ್ಕೆ ಹೋಗದವರಲ್ಲ. ಆದರೆ ಭಾವ ತಂದ ಕೊಡದಲ್ಲಿ ಅರ್ಧ ನೀರು ದಾರಿಗೆ, ಕಾಲು ಭಾಗ ಪ್ಯಾಂಟಿಗೆ. ನನ್ನದನ್ನು ಅಕ್ಕ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಕೊನೆಗೆ ಅಕ್ಕನ ಮಂಡಿ ಮುಷ್ಕರ ಹೂಡಿತು. ಡಾಕ್ಟರು ನೋಡಿ, “ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೀಬೇಡಿ, ಒಂದು ಗಿಡ್ಡ ಸ್ಟೂಲ್ ಇಟ್ಕೊಳ್ಳಿ. ಭಾರ ಅಂತೂ ಹೊರಲೇಬೇಡಿ. ಹೀಗೇ ಹೊತ್ರೆ ಇನ್ನೊಂದು ವರ್ಷಕ್ಕೆ ಮೆಟ್ಟಿಲು ಹತ್ತೋಕೂ ಆಗಲ್ಲ” ಎಂದರು. ಭಾರ ಹೊರಬೇಡಿ ಎಂಬ ಮಾತಿಗೆ ಅಕ್ಕ ನಕ್ಕಳು. ಸ್ಟೂಲಿನ ಮಾತಿಗೆ ಭಾವ ಎದೆ ತಟ್ಟಿಕೊಂಡು, “ಸ್ಟೂಲ್ ನಾನು ತರ್ತೀನಿ” ಎಂದರು.

ಭಾವನ ಬಗ್ಗೆ ಒಂದು ಮಾತು. ಅವರು ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಗಳಿಗೆ ಮುಚ್ಚಳ ಒತ್ತುವ ವಿಭಾಗದಲ್ಲಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಮುಚ್ಚಳ ಒತ್ತಿದ್ದಕ್ಕೋ ಏನೋ, ಅವರ ಬಾಯಿಂದ ‘ಇಲ್ಲ’ ಎಂಬ ಪದ ಹೊರಗೆ ಬರುತ್ತಿರಲಿಲ್ಲ. ಯಾರು ಏನು ಹೇಳಿದರೂ ತಲೆ ಆಡಿಸುವರು. ಗುರುತಿಲ್ಲದವರು ಎದುರಿಗೆ ಬಂದರೂ ಆಡಿಸುವರು. ಇಂಥವರ ಹಿಂದಿನ ಕೋಣೆಯಲ್ಲಿ ಬಾಡಿಗೆಯಿಲ್ಲದೆ ಬಿದ್ದುಕೊಂಡಿರುವ ಭಾಮೈದ ನಾನು. ಆದ್ದರಿಂದ ಆ ತಲೆಯಾಟದ ಬಗ್ಗೆ ಕೆಟ್ಟ ಮಾತಾಡುವ ಹಕ್ಕು ನನಗಿಲ್ಲ.

ಆಗಷ್ಟೇ ನಮ್ಮ ಪುರಸಭೆ ನಗರಸಭೆಯಾಗಿತ್ತು. ಜನಸಂಖ್ಯೆ ಏರಿತು, ಹೊಸ ಕಟ್ಟಡ ಎದ್ದಿತು, ಹಳೇ ಮೇಜು ಕುರ್ಚಿ ಬೆಂಚುಗಳನ್ನು ಹರಾಜಿಗಿಟ್ಟರು. ಹಳೇ ಅಧ್ಯಕ್ಷರ ಫೋಟೋಗಳನ್ನು ತುಂಬಿದ್ದ ಗೋಣಿಚೀಲವೂ ಕಣ್ತಪ್ಪಿ ಹರಾಜಿನ ರದ್ದಿ ಜೊತೆ ಹೋಯಿತಂತೆ. ಅಲ್ಲಿ ಸ್ಟೂಲು ಸಿಗುತ್ತದೆ ಎಂದು ಭಾವ ಬೆಳಿಗ್ಗೆಯೇ ಹೋದರು. ಮಧ್ಯಾಹ್ನ ತಳ್ಳುಗಾಡಿಯ ಮೇಲೆ ಒಂದು ಸಿಂಹಾಸನದ ಜೊತೆ ಬಂದರು.

ಸಿಂಹಾಸನವೆಂದರೆ ಸುಮ್ಮನೆ ಹೇಳಿದ ಮಾತಲ್ಲ. ಆಳೆತ್ತರದ ಬೆನ್ನು, ಅದರ ಮೇಲೆ ಪುರಸಭೆಯ ಮುದ್ರೆ ಕೆತ್ತಿದ್ದು, ತೋಳಿಗೆ ತೊಗಲು, ಕಾಲಿಗೆ ಚಕ್ರ. ಸಾಕ್ಷಾತ್ ಅಧ್ಯಕ್ಷರ ಕುರ್ಚಿ.

“ಸ್ಟೂಲ್ ಎಲ್ರೀ?” ಎಂದಳು ಅಕ್ಕ.

“ಇದೂ ಕೂರೋ ಸಾಮಾನೇ ಅಲ್ವಾ?”

“ಇದರ ಮೇಲೆ ಕೂತು ಪಾತ್ರೆ ತೊಳೀಬೇಕಾದ್ರೆ ನಲ್ಲೀನ ಸೂರಿಂದ ಇಳಿಬಿಡಬೇಕು. ಇದನ್ನ ಯಾಕ್ರೀ ತಂದ್ರಿ?”

“ನಾನು ತರಲಿಲ್ಲ ಕಣೇ. ಮೂಲೇಲಿ ಯಾರೋ ಗುರುತಿನವರು ಕಂಡ ಹಾಗಾಯ್ತು. ತಲೆ ಆಡಿಸ್ದೆ. ಹರಾಜಿನವನು ಸುತ್ತಿಗೆ ಕುಟ್ಟಿಬಿಟ್ಟ.”

“ಗುರುತಿನವರಾಗಿದ್ರಾ?”

“ಅಲ್ಲ. ಕನ್ನಡಿ ಇಟ್ಟಿದ್ರು.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆಯನ್ನು ನಾನು ಬಹಳ ಸಲ ಕೇಳಿದ್ದೆ. ಅವರಪ್ಪ ತಳ್ಳುಗಾಡಿಯಿಂದ ಇಳಿದದ್ದನ್ನು ನೋಡಿದ್ದು ಅದೇ ಮೊದಲು. ಇಳಿಸಿದೆವು, ಬಾಗಿಲಿಗೆ ತಂದೆವು. ನೇರ ಹಿಡಿದರೆ ಹಿಡಿಸಲಿಲ್ಲ, ಅಡ್ಡ ಹಿಡಿದರೆ ಹಿಡಿಸಲಿಲ್ಲ, ತಲೆಕೆಳಗು ಮಾಡಿದರೆ ನನ್ನ ಬೆರಳು ಸಿಕ್ಕಿಕೊಂಡಿತು. ಎದುರಿನ ಇಸ್ತ್ರಿ ಅಂಗಡಿಯವನು ಬಂದು ಸುತ್ತ ನೋಡಿ, “ಗೋಡೆ ಸ್ವಲ್ಪ ಆ ಕಡೆ ಸರಿದ್ರೆ ಆಗ್ತಿತ್ತು” ಎಂದು ಸಲಹೆ ಕೊಟ್ಟು ಹೋದ. ಹೀಗೆ ಕುರ್ಚಿ ಜಗುಲಿಯಲ್ಲೇ ಬೀದಿಗೆ ಮುಖ ಮಾಡಿ ನಿಂತಿತು.

ಕುರ್ಚಿಗೆ ಒಂದು ರೋಗವಿತ್ತು. ಯಾರಾದರೂ ಕೂತರೆ ಅದು ನಿಧಾನವಾಗಿ, ಸದ್ದಿಲ್ಲದೆ, ಕೆಳಗಿಳಿಯುತ್ತಿತ್ತು. ಅಡಿಯಲ್ಲಿ ಒಂದು ಹಿಡಿ ಇತ್ತು. ಎಳೆದರೂ ತಿರುಗಿಸಿದರೂ ಎಣ್ಣೆ ಬಿಟ್ಟರೂ ಪ್ರಯೋಜನವಾಗಲಿಲ್ಲ. ಎದ್ದು ನಿಂತರೆ ತಾನಾಗಿಯೇ ಮೇಲೇಳುತ್ತಿತ್ತು. ಭಾವನಿಗೆ ಅದರಿಂದ ಯಾವ ಬೇಸರವೂ ಇರಲಿಲ್ಲ. ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ಇಸ್ತ್ರಿ ಶರಟು ತೊಟ್ಟು ಬಂದು ಕೂರುವರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ನಾನು ಅಕ್ಕನ ಹತ್ತಿರ ಅಂದೆ. ಅವಳು, “ಕೊಡೆ ರಿಪೇರಿಯವನಿಗೆ ಅಂಥವರೇ ಬೇಕು, ಸುಮ್ನಿರು” ಎಂದಳು. ಗಂಡನನ್ನು ಬೈಯುವ ಗುತ್ತಿಗೆಯನ್ನು ಅವಳು ಇನ್ನೊಬ್ಬರಿಗೆ ಕೊಡುವವಳಲ್ಲ.

ಮೊದಲು ಬಂದವನು ಹೊಸ ಬಡಾವಣೆಯ ಒಬ್ಬ. ಮುದ್ರೆ ನೋಡಿದ, ಕುರ್ಚಿ ನೋಡಿದ, ಇಸ್ತ್ರಿ ಶರಟು ನೋಡಿದ, ಚಪ್ಪಲಿ ಬಿಟ್ಟು ಮೇಲೆ ಬಂದ.

“ಸಾರ್, ನಮ್ಮ ಬೀದಿ ದೀಪ ಹೋಗಿ ಬಹಳ ದಿನ ಆಯ್ತು. ಮನೆಯವರು ಕತ್ತಲೇಲಿ ಚರಂಡಿಗೆ ಕಾಲಿಟ್ಟು ಬಿದ್ರು.”

ಭಾವ ತಲೆ ಆಡಿಸಿದರು. “ಅಯ್ಯೋ ಪಾಪ. ಎಲ್ಲಿ ಬಿದ್ರು?”

ಅವನು ಬಿದ್ದ ಜಾಗ, ಬಿದ್ದ ರೀತಿ, ಹೋದ ಚಪ್ಪಲಿ ಎಲ್ಲ ಹೇಳಿದ. ಹೇಳುತ್ತಿದ್ದಂತೆ ಕುರ್ಚಿ ಇಳಿಯಿತು. ಅವನ ಕಣ್ಣೆದುರಿಗೇ ಭಾವ ಸ್ವಲ್ಪ ಸ್ವಲ್ಪವೇ ತಗ್ಗಿ, ಕಥೆ ಮುಗಿಯುವ ಹೊತ್ತಿಗೆ ಗಲ್ಲ ಮಂಡಿಯ ಸಮಕ್ಕೆ ಬಂದಿತ್ತು. ಆ ಮನುಷ್ಯನ ಕಣ್ಣು ಒದ್ದೆಯಾಯಿತು.

“ನಮ್ಮ ಕಷ್ಟ ಕೇಳಿ ಕುಸಿದೇ ಹೋದ್ರಲ್ಲ ಸಾರ್!”

“ಅಯ್ಯೋ, ನಾನು ಸುಮ್ನೆ ಕೇಳಿದೆ ಅಷ್ಟೆ.”

“ಸುಮ್ನೆ ಕೇಳೋರೂ ಇಲ್ಲ ಸಾರ್ ಈ ಊರಲ್ಲಿ.”

ರಜೆಯ ಮೇಲಿದ್ದ ಲೈನ್‌ಮನ್ ಅದೇ ಸಂಜೆ ಕೆಲಸಕ್ಕೆ ಬಂದ. ದೀಪ ಹತ್ತಿತು. ಮರುದಿನ ನಮ್ಮ ಅಂಗಳದಲ್ಲಿ ಚಪ್ಪಲಿಗಳ ಸಾಲು ಬಿತ್ತು.

ಕಸದ ಲಾರಿ, ಬೀದಿ ನಾಯಿ, ಮುರಿದ ಮೋರಿ, ಪಕ್ಕದ ಮನೆಯವನ ರೇಡಿಯೋ, ಎಲ್ಲ ದೂರಿಗೂ ಭಾವ ತಲೆ ಆಡಿಸಿದರು, ಎಲ್ಲ ದೂರಿಗೂ ಕುಸಿದರು. ಕೆಲವು ತಾವಾಗಿಯೇ ಸರಿಹೋದವು. ಸರಿಹೋಗದ ದೂರಿನವರೂ ಸಮಾಧಾನವಾಗಿ ಎದ್ದು ಹೋದರು. ಕೆಲವರು, “ಊರಿನ ಆ ತುದೀಲಿ ಕೋಲು ಹಿಡಿದ ಒಬ್ರು ಹಿರಿಯರು ಹೇಳಿದ್ರು, ಅಧ್ಯಕ್ಷರು ಬೇಕಾದ್ರೆ ಕೊನೆ ಬೀದಿಗೆ ಹೋಗಿ ಅಂತ” ಎಂದರು. ಯಾರಪ್ಪ ಆ ಹಿರಿಯರು ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಬಂದವರಿಗೆಲ್ಲ ಕುಡಿಯಲು ನೀರು ಕೊಡಬೇಕಲ್ಲ. ದೂರು ಹೇಳಿದರೆ ಗಂಟಲು ಒಣಗುತ್ತದೆ; ಕೆಲವರು ಎರಡು ಲೋಟ ಕುಡಿಯುವರು. ಆ ನೀರು ಬೇಕರಿ ಪಕ್ಕದ ನಲ್ಲಿಯಿಂದ ಅಕ್ಕನ ಸೊಂಟದ ಮೇಲೆ ಬರಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇದಕ್ಕೇ. ಒಂದು ದಿನ ಅಕ್ಕ ಮೆಟ್ಟಿಲ ಬಳಿ ಕೊಡ ಇಳಿಸಿ, ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಭಾವ ಅದನ್ನು ನೋಡಿದರು. ಆ ದಿನ ಅವರು ಮತ್ತೆ ಕುರ್ಚಿಯ ಮೇಲೆ ಕೂರಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ಅದೃಷ್ಟ ಖುಲಾಯಿಸಿತು. ಹಳೇ ಊರಿನವನೂ ಅಲ್ಲದ, ಹೊಸ ಬಡಾವಣೆಯವನೂ ಅಲ್ಲದ ಯಾವನೋ ಒಬ್ಬ ಇಂಜಿನಿಯರ್ ನಕ್ಷೆಯಲ್ಲಿ ನಮ್ಮನ್ನು ಕಂಡುಹಿಡಿದ. ಲಾರಿ ಬಂದು ಬೀದಿಯ ತಲೆಯಲ್ಲಿ ನೀಲಿ ಪೈಪುಗಳನ್ನು ಇಳಿಸಿತು. ಬೀದಿಗೆ ಬೀದಿಯೇ ಹೊರಗೆ ಬಂದು ಪೈಪುಗಳನ್ನು ಮುಟ್ಟಿ ನೋಡಿತು. ಅಕ್ಕ ಜಗುಲಿಯ ಪಕ್ಕ, ಬಟ್ಟೆ ಕಂಬದ ಬುಡದಲ್ಲಿ ಕಸ ತೆಗೆದು ನಲ್ಲಿಗೆ ಜಾಗ ಮಾಡಿಟ್ಟಳು. “ಇಲ್ಲಿ ನಲ್ಲಿ, ಇಲ್ಲಿ ನಾನು” ಎಂದು ನನಗೆ ತೋರಿಸಿದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಅಗೆತ ನೋಡಲು ನಗರಸಭೆಯ ದೊಡ್ಡ ಅಧಿಕಾರಿಗಳು, ಪೌರಾಯುಕ್ತರೇ ಬಂದರು. ನಗರಸಭೆಯಾದ ಮೇಲೆ ಬೇರೆಲ್ಲಿಂದಲೋ ವರ್ಗವಾಗಿ ಬಂದವರು. ಒಳ್ಳೆಯವರು, ಆದರೆ ಎಲ್ಲದರಲ್ಲೂ ಆದರ್ಶ ಹುಡುಕುವ ಚಟ. ನಮ್ಮ ಜಗುಲಿಯ ಮುಂದೆ ಬಂದವರು ಹಾಗೇ ನಿಂತರು.

“ಇದು ಅಧ್ಯಕ್ಷರ ಕುರ್ಚಿ ಅಲ್ವಾ?”

“ಹೌದು ಸಾರ್, ಹಳೇದು” ಎಂದರು ಭಾವ ಎದ್ದು ನಿಂತು.

“ತಾವು…?”

“ನಾನೇನೂ ಅಲ್ಲ ಸಾರ್.”

ಅಧಿಕಾರಿಗಳು ಹಿಂದೆ ನಿಂತಿದ್ದ ಗುಮಾಸ್ತನ ಕಡೆ ತಿರುಗಿದರು. “ಕೇಳಿದ್ಯಾ? ‘ನಾನೇನೂ ಅಲ್ಲ’. ಅಧಿಕಾರದಿಂದ ಇಳಿದ ಮೇಲೆ ಹೀಗೆ ಮಾತಾಡೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ.”

ದೂರು ಹೇಳಲು ಬಂದಿದ್ದವರೊಬ್ಬರು, “ನಮ್ಮ ಸಾಹೇಬ್ರು ಯಾವಾಗ್ಲೂ ಹಾಗೇ ಸಾರ್. ನಮ್ಮ ಮುಂದೆ ಪೂರ್ತಿ ಬಗ್ಗಿಬಿಡ್ತಾರೆ” ಎಂದರು.

“ನಾನು ಬಿಸ್ಕತ್ತು ಕಾರ್ಖಾನೇಲಿ…”

“ಗೊತ್ತಾಯ್ತು ಬಿಡಿ, ಕಾರ್ಮಿಕರಾಗಿದ್ದು ಮೇಲೆ ಬಂದವರು!” ಅಧಿಕಾರಿಗಳು ಸುತ್ತ ನೋಡಿದರು. ಪೈಪುಗಳು ಕಂಡವು, ಅಕ್ಕನ ಕೊಡ ಕಂಡಿತು. “ಅಂದ್ರೆ, ನೀವಿರೋ ಬೀದಿಗೇ ನೀರಿಲ್ವಾ?”

“ಇಲ್ಲ ಸಾರ್” ಎಂದರು ಭಾವ. ಜೀವಮಾನದಲ್ಲಿ ಅವರು ಸ್ಪಷ್ಟವಾಗಿ ‘ಇಲ್ಲ’ ಎಂದದ್ದು ಅದೊಂದೇ ಸಲ. ಅದೇ ಮುಳುವಾಯಿತು.

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. “ಇಡೀ ಊರಿಗೆ ನೀರು ಕೊಟ್ಟು, ತನ್ನ ಬೀದಿಗೆ ಮಾತ್ರ ಬೇಡ ಅಂದ ಮನುಷ್ಯ!”

“ಬೇಡ ಅಂದಿಲ್ಲ ಸ್ವಾಮಿ, ಬೇಕು ಅಂತಾನೇ…” ಎಂದು ಅಕ್ಕ ಬಾಗಿಲಿಂದ ಓಡಿ ಬಂದಳು.

“ತಾಯಿ, ನಿಮ್ಮ ತ್ಯಾಗವೂ ಚಿಕ್ಕದಲ್ಲ” ಎಂದು ಅವರು ಅಕ್ಕನಿಗೂ ಕೈ ಮುಗಿದರು. “ಈ ಬೀದೀನ ಅಗೆಯೋಕೆ ನನಗೆ ಮನಸ್ಸು ಬರಲ್ಲ. ಇದು ಹೀಗೇ ಇರಬೇಕು. ಮುಂದಿನ ಪೀಳಿಗೆ ಬಂದು ನೋಡಬೇಕು, ಪ್ರಾಮಾಣಿಕತೆ ಅಂದ್ರೆ ಏನು ಅಂತ. ಇಲ್ಲೊಂದು ಕಲ್ಲು ಹಾಕಿಸ್ತೀನಿ.”

ಕಲ್ಲಿನ ಮಾತು ಹಾಗಿರಲಿ, ಮರುದಿನ ಲಾರಿ ಬಂತು. ಪೈಪುಗಳನ್ನು ಒಂದೊಂದಾಗಿ ಹೇರಿಕೊಂಡು ಬೇರೆ ಬೀದಿಗೆ ಹೊರಟಿತು. ಅಕ್ಕ ಕಂಬ ಹಿಡಿದುಕೊಂಡು, ಲಾರಿ ತಿರುವು ದಾಟುವವರೆಗೂ ನೋಡಿದಳು. ಬೈಯಲಿಲ್ಲ. ಕೊಡ ತೆಗೆದುಕೊಂಡು ಬೇಕರಿಯ ಕಡೆ ಹೊರಟಳು. ಅವಳು ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದರು.

ಅಕ್ಕ ಬಿಟ್ಟದ್ದನ್ನು ಬೀದಿ ಬಡ್ಡಿ ಸಮೇತ ಬೈಯಿತು. ಇಸ್ತ್ರಿ ಅಂಗಡಿಯವನು, “ಬಟ್ಟೆಗೆ ಚಿಮುಕಿಸೋಕೂ ನೀರಿಲ್ಲ, ಇನ್ಮೇಲೆ ನಿಮ್ಮ ಶರಟಿನ ಮೇಲೆ ಕಣ್ಣೀರೇ ಹಾಕ್ತೀನಿ” ಎಂದ. ಪಕ್ಕದ ಮನೆಯ ಬಸ್ ಡ್ರೈವರನ ಹೆಂಡತಿ ಸೊಂಟಕ್ಕೆ ಕೈಯಿಟ್ಟು, “ತ್ಯಾಗ ಮಾಡೋದಿದ್ರೆ ಅವರು ಮಾಡ್ಲಿ. ನಮ್ಮ ಮನೆಯವರ ಸ್ನಾನ ಯಾಕೆ ತ್ಯಾಗ ಮಾಡ್ಬೇಕು? ದಿನವಿಡೀ ಬಸ್ ಓಡಿಸಿ ಬರೋ ಮನುಷ್ಯ, ಪಕ್ಕದಲ್ಲಿ ಕೂರೋಳು ನಾನು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಭಾವ ನಿಜ ಹೇಳಿಬಿಡುವುದೆಂದು ನಗರಸಭೆಗೆ ಹೋದರು. ಹೋದವರು ಹೂಗುಚ್ಛ ಹಿಡಿದುಕೊಂಡು ಬಂದರು.

“ಹೇಳಿದ್ರಾ ಭಾವ?” ಎಂದೆ.

“ಹೇಳ್ದೆ. ‘ನಾನು ಅಧ್ಯಕ್ಷ ಆಗಿರ್ಲಿಲ್ಲ’ ಅಂತ ಕೂಗಿ ಹೇಳ್ದೆ. ಅವರು ‘ಹೌದು, ನೀವು ಅಧ್ಯಕ್ಷರಲ್ಲ, ಸೇವಕರು’ ಅಂತ ತಬ್ಕೊಂಡ್ರು. ನಗರಸಭೆ ಉದ್ಘಾಟನೆ ದಿನ ವೇದಿಕೆ ಮೇಲೆ ಸನ್ಮಾನ ಅಂತೆ. ಕುರ್ಚೀನೂ ತರಬೇಕಂತೆ.”

ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ಹೂಗುಚ್ಛವನ್ನು ಇಡಲು ಅಕ್ಕ ಒಂದು ಚೊಂಬು ಕೊಟ್ಟಳು, ನೀರು ಮಾತ್ರ ಹಾಕಲಿಲ್ಲ.

“ನೋಡೇ” ಎಂದರು ಭಾವ ಅವಳಿಗೆ. “ಎಲ್ಲರ ಮುಂದೆ ಮೈಕಲ್ಲಿ ಹೇಳ್ತೀನಿ. ಮೈಕಲ್ಲಿ ಹೇಳಿದ್ರೆ ನಂಬಲೇಬೇಕಲ್ಲ.”

ಉದ್ಘಾಟನೆಯ ದಿನ ಕಸದ ಟ್ರ್ಯಾಕ್ಟರನ್ನು ತೊಳೆದು ಕುರ್ಚಿಯನ್ನು ಒಯ್ದರು. ಹೊಸ ಕಟ್ಟಡದ ಮುಂದೆ ದೊಡ್ಡ ಪೆಂಡಾಲು. ವೇದಿಕೆಯ ಮೇಲೆ ಉದ್ದನೆಯ ಮೇಜು, ಅದರ ಹಿಂದೆ ಅಧ್ಯಕ್ಷೆ, ಪೌರಾಯುಕ್ತರು, ನಡುವೆ ಅದೇ ಕುರ್ಚಿಯಲ್ಲಿ ನಮ್ಮ ಭಾವ. ಅಧ್ಯಕ್ಷೆ ಸಿಮೆಂಟ್ ಅಂಗಡಿಯ ಒಡತಿ. ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಊರು ಹೇಗೆ ಬೆಳೆಯಿತು, ಜನಸಂಖ್ಯೆ ಹೇಗೆ ಏರಿತು ಎಂದು ಅವರು ದೀರ್ಘವಾಗಿ ಭಾಷಣ ಮಾಡಿದರು. ಜನಸಂಖ್ಯೆ ಏರುತ್ತಾ ಹೋದಂತೆ ಭಾವ ಇಳಿಯುತ್ತಾ ಹೋದರು. ಮೊದಲು ಶರಟಿನ ಗುಂಡಿ ಮರೆಯಾಯಿತು, ಆಮೇಲೆ ಗಲ್ಲ, ಆಮೇಲೆ ಮೂಗು. ನಗರಸಭೆಯಾದೆವು ಎಂದು ಅವರು ಮುಗಿಸುವ ಹೊತ್ತಿಗೆ ಮೇಜಿನ ಮೇಲೆ ಭಾವನ ಬಾಚಿದ ಕೂದಲಷ್ಟೇ ಕಾಣುತ್ತಿತ್ತು. ಮುಂದಿನ ಸಾಲಿನವರು, “ಎಷ್ಟು ವಿನಯ ನೋಡಿ” ಎಂದು ಪಿಸುಗುಟ್ಟಿದರು.

ಕರೆದಾಗ ಭಾವ ಎದ್ದು ಮೈಕಿನ ಮುಂದೆ ಬಂದರು. 

“ಎಲ್ಲರಿಗೂ ನಮಸ್ಕಾರ. ನಾನು ಅಧ್ಯಕ್ಷ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ನಾನು ಸ್ಟೂಲ್ ತರೋಕೆ ಹೋಗಿದ್ದೆ.”

ಚಪ್ಪಾಳೆ.

“ನಿಜವಾಗ್ಲೂ! ಬಿಸ್ಕತ್ತಿನ ಡಬ್ಬಕ್ಕೆ ಮುಚ್ಚಳ ಒತ್ತೋನು ನಾನು!”

ಇನ್ನೂ ಜೋರು ಚಪ್ಪಾಳೆ. ಪೌರಾಯುಕ್ತರು ಎದ್ದು ನಿಂತು ತಟ್ಟಿದರು.

“ನಂಬ್ರಪ್ಪ, ದಯವಿಟ್ಟು ನಂಬ್ರಪ್ಪ” ಎಂದು ಭಾವ ಕೈ ಮುಗಿದರು. ಪೆಂಡಾಲೇ ಎದ್ದು ನಿಂತಿತು. ಆ ಗದ್ದಲದಲ್ಲಿ ಅವರು ಅಕ್ಕನನ್ನು ಹುಡುಕಿದರು. ಹಿಂದಿನ ಸಾಲಿನಲ್ಲಿ ಅವಳು ಕಂಡಳು. ಭಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ನನ್ನ ಹೆಂಡ್ತಿಗೆ ಮಂಡಿ ನೋವು. ಅವಳು ಇನ್ನು ಕೊಡ ಹೊರಬಾರದು. ನಾನು ದೊಡ್ಡ ಮನುಷ್ಯ ಆಗಿದ್ದಕ್ಕೆ ಅವಳ ನಲ್ಲಿ ಹೋಯ್ತು. ನನ್ನನ್ನ ಚಿಕ್ಕವನು ಮಾಡಿಬಿಡಿ, ಸಾಕು.”

ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ಮಾತ್ರ ನಿಲ್ಲಿಸಲಿಲ್ಲ. ನನಗೆ ಅಳು ಬಂತು. ಭಾವನನ್ನು ಇಷ್ಟು ದಿನ ಗೇಲಿ ಮಾಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆಗ ವೇದಿಕೆಯ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಬೆನ್ನು ಬಾಗಿದ ವೃದ್ಧರೊಬ್ಬರು ನಿಧಾನವಾಗಿ ಹತ್ತಿ ಬಂದು ಭಾವನ ಕೈಯಿಂದ ಮೈಕು ತೆಗೆದುಕೊಂಡರು.

“ಈ ಮನುಷ್ಯ ಹೇಳ್ತಿರೋದು ನಿಜ ಕಣ್ರಯ್ಯ. ಅಧ್ಯಕ್ಷ ಆಗಿದ್ದೋನು ನಾನು.”

ಚಪ್ಪಾಳೆ ನಿಂತಿತು. ಪೌರಾಯುಕ್ತರು ಕನ್ನಡಕ ಸರಿಮಾಡಿಕೊಂಡು, “ತಮ್ಮ ಹತ್ರ ಏನಾದ್ರೂ ಆಧಾರ…?” ಎಂದರು.

“ಕುರ್ಚಿ ಅವರ ಹತ್ರ ಇದೆಯಲ್ಲ” ಎಂದರು ಅಧ್ಯಕ್ಷೆ, ಅದಕ್ಕಿಂತ ದೊಡ್ಡ ಆಧಾರ ಇನ್ನೇನು ಎಂಬಂತೆ.

ವೃದ್ಧರು ಮೈಕನ್ನು ಮೇಜಿನ ಮೇಲಿಟ್ಟರು. ಕುರ್ಚಿಯ ಬಳಿ ಹೋಗಿ ಪೌರಾಯುಕ್ತರ ಭುಜ ಹಿಡಿದು ಅದರಲ್ಲಿ ಕೂರಿಸಿದರು. ಅದು ಎಂದಿನಂತೆ ಇಳಿಯತೊಡಗಿತು. ಅಧಿಕಾರಿಗಳು ಗಾಬರಿಯಿಂದ ಮೇಜಿನಂಚು ಹಿಡಿದರು. ಕನ್ನಡಕ ಮೇಜಿನ ಮಟ್ಟಕ್ಕೆ ಬಂದಾಗ ವೃದ್ಧರು ಬಲಗಡೆಯ ಚಕ್ರದ ಮೇಲೆ ಕಾಲಿನಿಂದ ಒಂದು ಒದೆ ಕೊಟ್ಟರು. ಕುರ್ಚಿ ಅಧಿಕಾರಿಗಳ ಸಮೇತ ಠಣ್ಣನೆ ಮೇಲೆದ್ದು ಹಾಗೇ ನಿಂತಿತು. ಎಣ್ಣೆ ಹಾಕಿ, ಹಿಡಿ ತಿರುಗಿಸಿ, ಬೇಡಿಕೊಂಡರೂ ಭಾವನಿಗೆ ಬಗ್ಗದಿದ್ದ ಕುರ್ಚಿ!

“ಬಲಗಡೆ ಒದ್ರೆ ಏಳುತ್ತೆ. ಎಡಗಡೆ ಒದ್ರೆ ಕೆಳಗೇ ಕೂತಿರುತ್ತೆ. ಇದನ್ನ ಕಲಿಯೋದ್ರಲ್ಲೇ ನನ್ನ ಅಧಿಕಾರದ ಅವಧಿ ಮುಗೀತು” ಎಂದರು ಅವರು. ಯಾರಿಗೂ ಅನುಮಾನ ಉಳಿಯಲಿಲ್ಲ.

“ಹಾಗಾದ್ರೆ ತಾವು ಇಷ್ಟು ದಿನ ಯಾಕೆ ಸುಮ್ನಿದ್ರಿ?” ಎಂದು ಅಧಿಕಾರಿಗಳು ಎತ್ತರದಿಂದ ಕೇಳಿದರು.

“ಯಾಕೆ ಅಂದ್ರೆ ನನಗೆ ನಿದ್ದೆ ಬರ್ತಿತ್ತು! ಅಧಿಕಾರ ಹೋದ್ರೂ ಹಳಬರು ನನ್ನ ಮನೆ ಬಾಗಿಲು ಬಿಡ್ತಿರ್ಲಿಲ್ಲ. ಮೋರಿ ಕಟ್ಟಿದ್ರೂ ನಾನು, ನಾಯಿ ಕಚ್ಚಿದ್ರೂ ನಾನು. ಇವರು ಕುರ್ಚಿ ತಗೊಂಡು ಕೂತ್ರು ಅಂತ ಕೇಳಿದ್ದೇ ತಡ, ಬಂದೋರನ್ನೆಲ್ಲ ಇವರ ಹತ್ರಾನೇ ಕಳಿಸ್ದೆ. ಈಗ ದಿನಾ ಪೇಪರು ಮೊದಲಿಂದ ಕೊನೇವರೆಗೂ ಓದ್ತೀನಿ. ಈ ಪುಣ್ಯಾತ್ಮನ ಋಣ ನನ್ನ ಮೇಲಿದೆ. ಇವರು ಹೀಗೆ ಅಂಗಲಾಚೋದನ್ನ ನೋಡ್ಕೊಂಡು ಕೆಳಗೆ ಕೂರೋಕೆ ಆಗ್ಲಿಲ್ಲ.” ಎಂದು ಭಾವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಭಾವ ತಲೆ ಆಡಿಸುತ್ತಲೇ ಅತ್ತರು.

ಅಧಿಕಾರಿಗಳಿಗೆ ಇನ್ನೂ ಒಂದು ಆಸೆ ಉಳಿದಿತ್ತು. “ಹಾಗಾದ್ರೆ ಕೊನೆ ಬೀದಿಗೆ ನೀರು ಬೇಡ ಅಂತ ತ್ಯಾಗ ಮಾಡಿದ್ದು ತಾವಾ?”

“ತ್ಯಾಗ ಎಲ್ಲಿ ಬಂತು? ಮರೆತೆ.”

“ಮರೆತ್ರಾ?”

“ಒಬ್ಬರು ಹಳೇ ಊರು ಅಂದ್ರು, ಒಬ್ಬರು ಹೊಸ ಬಡಾವಣೆ ಅಂದ್ರು. ಅಷ್ಟರಲ್ಲಿ ನಾನು ಮೇಜಿನ ಕೆಳಗೆ ಹೋಗಿದ್ದೆ.”

ನಗು ಮುಗಿಯುವ ಮುಂಚೆ ಹಿಂದಿನ ಸಾಲಿನಿಂದ ಅಕ್ಕನ ಧ್ವನಿ ಬಂತು. ಅವಳಿಗೆ ಮೈಕು ಬೇಕಾಗಿರಲಿಲ್ಲ.

“ಹಾಗಾದ್ರೆ ನಮ್ಮ ಪೈಪು?”

ಅವತ್ತಿನ ನಿಜವಾದ ಚಪ್ಪಾಳೆ ಅದಕ್ಕೇ ಬಿದ್ದದ್ದು. ಇಸ್ತ್ರಿಯವನು ಶಿಳ್ಳೆ ಹಾಕಿದ. ಡ್ರೈವರನ ಹೆಂಡತಿ ಬೆಂಚಿನ ಮೇಲೆ ನಿಂತಳು. ಅಧಿಕಾರಿಗಳ ಮುಖ ನೋಡುವಂತಿತ್ತು. ತ್ಯಾಗವಿದ್ದರೆ ಕಲ್ಲು ಹಾಕಿಸಬಹುದು. ಮರೆವಿಗೆ ಪೈಪನ್ನೇ ಹಾಕಿಸಬೇಕು. “ನಾಳೇನೇ” ಎಂದರು ಅವರು. ಇಳಿಯಲು ಕುರ್ಚಿ ಬಿಡಲಿಲ್ಲ. ವೃದ್ಧರು ಕೈ ಕೊಟ್ಟು ಇಳಿಸಿದರು.

ಹೇಳಿದ ಮಾತಿಗೆ ಅವರು ತಪ್ಪಲಿಲ್ಲ, ಅದಕ್ಕೆ ನಮ್ಮ ಬೀದಿ ಅವರನ್ನು ಇಂದಿಗೂ ನೆನೆಯುತ್ತದೆ. ಲಾರಿ ಅದೇ ನೀಲಿ ಪೈಪುಗಳನ್ನು ಹೊತ್ತು ಬಂತು. ಬೀದಿ ಅಗೆದರು, ಮುಚ್ಚಿದರು. ಬಟ್ಟೆ ಕಂಬದ ಬುಡದಲ್ಲಿ, ಅಕ್ಕ ತೋರಿಸಿದ ಜಾಗದಲ್ಲೇ ನಲ್ಲಿ ನಿಂತಿತು. ತಿರುಗಿಸಿದಾಗ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು ಉಗುಳಿತು, ಆಮೇಲೆ ತಿಳಿ ನೀರು ಸುರಿಯಿತು. ಅಕ್ಕ ನೀರಿಗೆ ಕೈಯೊಡ್ಡಿಕೊಂಡು ನಿಂತಳು. ಡ್ರೈವರನ ಹೆಂಡತಿ ತನ್ನ ಮನೆಯ ನಲ್ಲಿಯ ಸದ್ದು ಕೇಳಿದ್ದೇ ಗಂಡನನ್ನು ಬಚ್ಚಲಿಗೆ ನೂಕಿದಳು.

ಸಭೆ ಮುಗಿದ ಮೇಲೆ ಕುರ್ಚಿ ಅದೇ ಟ್ರ್ಯಾಕ್ಟರಿನಲ್ಲಿ ಜಗುಲಿಗೆ ಮರಳಿತ್ತು, ಅದರ ಹಳೇ ರೋಗವೂ ಮರಳಿತ್ತು. ಭಾವ ಅದನ್ನು ತಳ್ಳಿಕೊಂಡು ಬಂದರು. ಮೆಟ್ಟಿಲಲ್ಲಿ ನಾನೂ ಇಸ್ತ್ರಿಯವನೂ ಕೈ ಕೊಟ್ಟೆವು. ನಲ್ಲಿಯ ಪಕ್ಕ ನಿಲ್ಲಿಸಿ ಒಂದು ಗಳಿಗೆ ಕೂತರು. ಕುರ್ಚಿ ಇಳಿಯಿತು, ಇಳಿಯಿತು, ತಳ ಮುಟ್ಟಿತು. ಎಡಗಡೆಯ ಚಕ್ರಕ್ಕೆ ಹಿಮ್ಮಡಿಯಿಂದ ಒಂದು ಒದೆ ಕೊಟ್ಟು ಎದ್ದರು. ಕುರ್ಚಿ ಏಳಲಿಲ್ಲ, ಕೆಳಗೇ ಉಳಿಯಿತು.

“ಈಗ ಕೂತ್ಕೋ.”

ಅಕ್ಕ ಕೂತಳು. ಮಂಡಿ ಹಿತವಾಗಿ ಮಡಚಿಕೊಂಡಿತು. ಕೈ ನೇರವಾಗಿ ನಲ್ಲಿಯ ಕೆಳಗಿನ ಪಾತ್ರೆಗೆ ಸಿಕ್ಕಿತು. ಡಾಕ್ಟರು ಹೇಳಿದ ಎತ್ತರ ಅದೇ.

“ಸ್ಟೂಲ್ ತರ್ತೀನಿ ಅಂದಿದ್ದೆ” ಎಂದರು ಭಾವ, ನೆಲ ನೋಡುತ್ತಾ. “ಸ್ವಲ್ಪ ತಡ ಆಯ್ತು.”

“ತಡ ಆದ್ರೂ ತಂದ್ರಲ್ಲ ಕಣ್ರೀ” ಎಂದಳು ಅಕ್ಕ. ಅವಳು ಹಿಂದಕ್ಕೊರಗಿದಾಗ ಪುರಸಭೆಯ ಮುದ್ರೆ ಅವಳ ತಲೆಯ ಮೇಲೆ ಸರಿಯಾಗಿ ನಿಂತಿತು.

ಅಷ್ಟರಲ್ಲಿ ಬೇಲಿಯ ಹೊರಗೆ ಚಪ್ಪಲಿಯ ಸದ್ದಾಯಿತು. ಹೊಸ ಬಡಾವಣೆಯ ಯಾರೋ ಹೆಂಗಸು. ಸಭೆಗೆ ಬಂದವಳಲ್ಲ, ನಡೆದದ್ದು ಏನೂ ತಿಳಿಯದು. ಭಾವನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಕುರ್ಚಿಯಲ್ಲಿ ಕೂತವರನ್ನು ನೋಡಿದಳು. ಭಾವನನ್ನು ದಾಟಿಕೊಂಡು ನೇರ ಅಕ್ಕನ ಮುಂದೆ ಬಂದು ಕೈ ಮುಗಿದಳು.

“ಅಮ್ಮಾ, ನಮ್ಮ ಬೀದಿ ಮೋರಿ ಕಟ್ಟಿಕೊಂಡು…”

ಭಾವ ಬಾಯಿ ತೆರೆದರು. ಅಕ್ಕ ಕೈಯೆತ್ತಿ ತಡೆದಳು. ಲೋಟವನ್ನು ನಲ್ಲಿಯ ಕೆಳಗೆ ಹಿಡಿದು, ತುಂಬಿ ಹೊರಗೆ ಚೆಲ್ಲುವವರೆಗೂ ಬಿಟ್ಟು, ಆ ಹೆಂಗಸಿನ ಕೈಗೆ ಕೊಟ್ಟಳು.

“ಮೊದಲು ನೀರು ಕುಡೀಮ್ಮ. ಎಷ್ಟು ಬೇಕಾದ್ರೂ ಕುಡಿ.”